ಪಕ್ಕದ ಮನೆಯ ವರ್ಷಾಬ್ದಿಕ

ಪಕ್ಕದ ಮನೆಯ ಸ್ಟೇವೋ ಹಾಲ್‌ನ ನಡುವೆ ದಿವಾಕರನನ್ನು ನಿಲ್ಲಿಸಿಕೊಂಡು ಟೇಪಿನಿಂದ ಭುಜ ಅಳೆಯುತ್ತಿದ್ದ. ಗಿರಿಜಾ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು.

"ಏನ್ರೀ ಇದು?"

"ಹೊಸಾ ಸೂಟ್ ಕೊಡಿಸ್ತಾರಂತೆ ಕಣೇ. ಶನಿವಾರ ಮಿಲೋಶ್‌ದು ವರ್ಷದ ಊಟ. ಅದನ್ನ ಹಾಕ್ಕೊಂಡು ಹೋಗಿ ಕೂತ್ಕೋಬೇಕು, ಅಷ್ಟೇ."

ಅಷ್ಟೇ ಆಗಿರಲಿಲ್ಲ. ಉಳಿದದ್ದನ್ನು ಸ್ಟೇವೋ ಸಂಕೋಚದಿಂದ ಇಂಗ್ಲಿಷಿನಲ್ಲಿ ಹೇಳಿದ. ಅವರು ರೋಮಾ ಜನ, ಯುರೋಪಿನ ಅಲೆಮಾರಿ ಕುಲದವರು. ಅವನ ಅಪ್ಪ ಮಿಲೋಶ್ ಐವತ್ತು ವರ್ಷದ ಹಿಂದೆ ಯುಗೋಸ್ಲಾವಿಯಾದಿಂದ ಆಸ್ಟ್ರೇಲಿಯಾಕ್ಕೆ ಬಂದವನು. ಸತ್ತು ವರ್ಷ ತುಂಬಿದ ದಿನ, ಸತ್ತವನದೇ ವಯಸ್ಸು, ಅವನದೇ ಮೈಕಟ್ಟು ಇರುವ ಒಬ್ಬನಿಗೆ ಅಡಿಯಿಂದ ಮುಡಿಯವರೆಗೆ ಹೊಸ ಬಟ್ಟೆ ತೊಡಿಸಿ, ಸತ್ತವನೇ ಬಂದನೆಂದು ಕೂರಿಸಿ ಉಣ್ಣಿಸಬೇಕು. ಇವನು ತೊಟ್ಟದ್ದು ಅವನಿಗೆ ಬಟ್ಟೆ, ಇವನು ಉಂಡದ್ದು ಅವನಿಗೆ ಊಟ. ತಪ್ಪಿದರೆ ಅಪ್ಪ ಆ ಲೋಕದಲ್ಲಿ ಹಸಿದುಕೊಂಡು, ಬರಿಮೈಯಲ್ಲಿ ತಿರುಗುತ್ತಾನೆ.

"ನಿಮ್ಮೋರೇ ಯಾರೂ ಇಲ್ವಾ?" ಗಿರಿಜಾ ಕೇಳಿದಳು.

"ಮೆಲ್ಬರ್ನ್‌ನಲ್ಲಿ ನಾವು ಒಂಬತ್ತು ಮನೆ, ಆಂಟಿ. ಆ ವಯಸ್ಸಿನವರು ಸಿಡ್ನಿಯಲ್ಲಿ ಒಬ್ಬರಿದ್ದರು. ಕೂರ್ತೀನಿ ಅಂತ ಒಪ್ಪಿದ್ದರು. ಹೋದ ತಿಂಗಳು ತೀರಿಕೊಂಡರು."

ಒಪ್ಪಿಕೊಂಡವರು ತೀರಿಕೊಂಡರು. ಗಿರಿಜಾಳ ಕಿವಿಗೆ ಬಿದ್ದದ್ದು ಅಷ್ಟೇ. ಸ್ಟೇವೋ ಆಚೆ ಹೋಗುವುದನ್ನೇ ಕಾದಿದ್ದು ಗಂಡನನ್ನು ಹಿಡಿದುಕೊಂಡಳು. "ಮೈಸೂರಲ್ಲಿ ಹನ್ನೊಂದನೇ ದಿನ ಸತ್ತೋರ ಸ್ಥಾನದಲ್ಲಿ ಕೂತು ಉಣ್ಣೋ ಬ್ರಾಹ್ಮಣಾರ್ಥಕ್ಕೆ ದುಡ್ಡು ಕೊಡ್ತೀವಿ ಅಂದ್ರೂ ಜನ ಸಿಗಲ್ಲ. ನೀವು ಇಲ್ಲಿ ಕ್ರೇಗಿಬರ್ನ್‌ನಲ್ಲಿ ಕೂತು ಪ್ರೇತ ಆಗ್ತೀರಾ? ಎದೇಲಿ ಎರಡು ಸ್ಟೆಂಟ್ ಇಟ್ಕೊಂಡು?"

"ಸ್ಟೆಂಟ್ ಹಾಕಿದ ಡಾಕ್ಟರ್‌ಗೇ ಫೋನ್ ಮಾಡಿ ಕೇಳು, ಸತ್ತೋನ ಪರವಾಗಿ ಸೂಟ್ ಹಾಕ್ಕೋಬಹುದಾ ಅಂತ," ಎಂದ ದಿವಾಕರ. ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದ. "ಆಗಲ್ಲ ಅಂತ ಆ ಹುಡುಗನ ಮುಖ ನೋಡಿ ಹೇಳಕ್ಕೆ ನನ್ನ ಕೈಲಿ ಆಗ್ಲಿಲ್ಲ ಗಿರಿಜಾ."

ಶನಿವಾರ ಮಧ್ಯಾಹ್ನ ಅವಳೂ ಹಿಂದೆಯೇ ಹೋದಳು, ಬ್ಯಾಗಿನಲ್ಲಿ ಎದೆನೋವು ಬಂದರೆ ನಾಲಿಗೆಯಡಿ ಇಡುವ ಅವನ ಮಾತ್ರೆ ಇಟ್ಟುಕೊಂಡು. ಕಪ್ಪು ಸೂಟು, ಹೊಸ ಹ್ಯಾಟು ತೊಟ್ಟ ದಿವಾಕರ ಸ್ಟೇವೋನ ಮನೆಯ ಗ್ಯಾರೇಜಿನೊಳಗೆ ಕಾಲಿಟ್ಟದ್ದೇ ಉದ್ದನೆಯ ಮೇಜಿನ ಸುತ್ತ ಇದ್ದವರೆಲ್ಲ ಎದ್ದು ನಿಂತರು. ಒಬ್ಬ ಮಾತ್ರ ಏಳಲಿಲ್ಲ. ಸಿಡ್ನಿಯಿಂದ ಬಂದ ಮಿಲೋಶ್‌ನ ಕೊನೆಯ ತಮ್ಮ ಅವನು. ತಮ್ಮ ಭಾಷೆಯಲ್ಲಿ ಜೋರಾಗಿ ಏನೋ ಅಂದ. ಹೊರಗಿನವನನ್ನು ಕೂರಿಸಿದರೆ ನಾವು ರೋಮಾ ಅಂತ ಯಾಕೆ ಹೇಳಿಕೊಳ್ಳಬೇಕು ಅನ್ನುತ್ತಿದ್ದಾನೆ ಎಂದು ಸ್ಟೇವೋ ಗಿರಿಜಾಳ ಕಿವಿಯಲ್ಲಿ ಹೇಳಿದ. ಸದ್ಯ, ಇದು ಇಲ್ಲಿಗೇ ನಿಂತುಹೋಗಲಿ ಎಂದು ಅವಳು ರಾಯರನ್ನು ನೆನೆದಳು.

ಮಿಲೋಶ್‌ನ ಹೆಂಡತಿ ರೂಜಾ ಮೈದುನನ ಮುಂದೆ ಹೋಗಿ ನಿಂತಳು. ಸಣ್ಣ ದನಿಯಲ್ಲೇ ಕೇಳಿದಳು; ಅದನ್ನೂ ಸ್ಟೇವೋ ಗಿರಿಜಾಳಿಗೆ ಹೇಳಿದ. "ನಿನಗೆ ಐವತ್ತು. ನೀನು ಕೂರುವ ಹಾಗಿಲ್ಲ. ಬೇರೆ ಯಾರು, ತೋರಿಸು."

ಅವನು ಮೇಜಿನ ಆ ತುದಿಯಿಂದ ಈ ತುದಿಯವರೆಗೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದ. ಎಲ್ಲ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು. ಕೊನೆಗೆ ಎದ್ದು, ಹ್ಯಾಟು ತೆಗೆದು, ದಿವಾಕರನಿಗೆ ಕುರ್ಚಿ ಎಳೆದುಕೊಟ್ಟ. ರಾಯರನ್ನು ನೆನೆದದ್ದಕ್ಕೆ ಗಿರಿಜಾಳಿಗೆ ನಾಚಿಕೆಯಾಯಿತು. ಭಯ ಮಾತ್ರ ಹೋಗಲಿಲ್ಲ.

ದಿವಾಕರನಿಗೆಂದು ಮಾಂಸವಿಲ್ಲದೆ ಮಾಡಿದ ಬೀನ್ಸ್ ಸಾರನ್ನು ರೂಜಾ ತಾನೇ ಬಡಿಸಿದಳು. ಅವನ ಹಣೆಯಲ್ಲಿ ಬೆವರು ಕಂಡರೆ ಗಿರಿಜಾಳ ಕೈ ಬ್ಯಾಗಿಗೆ ಹೋಗುತ್ತಿತ್ತು. ಒಮ್ಮೆ ನೆತ್ತಿಗೆ ಹತ್ತಿ ಕೆಮ್ಮಿದಾಗ ಎದ್ದೇ ನಿಂತಳು. ರೂಜಾ ಅವನ ಕಾಲರ್ ಸರಿಮಾಡಿ ಏನೋ ಕೇಳಿದಳು.

"ಅಲ್ಲಿ ಚಳಿ ಇದೆಯಾ ಅಂತ," ಎಂದ ಸ್ಟೇವೋ.

ದಿವಾಕರ ಚಮಚ ಕೆಳಗಿಟ್ಟ. ಮೂವತ್ತು ವರ್ಷ ಆಫೀಸಿನಲ್ಲಿ ಇಂಗ್ಲಿಷ್ ಮಾತಾಡಿದವನ ಬಾಯಿಗೆ ಆಗ ಬಂದದ್ದು ಕನ್ನಡ. "ಇಲ್ಲಮ್ಮ. ಬೆಚ್ಚಗಿದೀನಿ. ಹೊಟ್ಟೆ ತುಂಬ್ತು."

ಏನೆಂದು ರೂಜಾ ಯಾರನ್ನೂ ಕೇಳಲಿಲ್ಲ. ಅವನ ಹೆಗಲ ಮೇಲೆ ಹಣೆಯಿಟ್ಟು ಅತ್ತಳು. ಗಿರಿಜಾಳಿಗೂ ತಡೆಯಲಾಗಲಿಲ್ಲ.

ಊಟ ಮುಗಿದದ್ದೇ ಅವಳು ಹೋಗಿ ಗಂಡನ ಕೈ ಹಿಡಿದು ನಾಡಿ ನೋಡಿದಳು. ಬಡಿಯುತ್ತಿತ್ತು, ಎಂದಿನಂತೆಯೇ. "ನಡೀರಿ ಮನೆಗೆ," ಎಂದಳು. ಅಷ್ಟರಲ್ಲಿ ರೂಜಾ ಬಂದು ಪಕ್ಕದಲ್ಲಿ ನಿಂತಳು. ತನ್ನ ನೆತ್ತಿಯ ಮೇಲೆ ಅಂಗೈ ಇಟ್ಟು, ಹಾಗೇ ನೇರವಾಗಿ ಸರಿಸಿದಳು. ಅದು ಗಿರಿಜಾಳ ಬೈತಲೆಗೆ ತಾಗಿತು; ಇಬ್ಬರದೂ ಒಂದೇ ಎತ್ತರ.

"ವಯಸ್ಸು ಎಷ್ಟು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಅರವತ್ತೇಳು."

ರೂಜಾ ತನ್ನ ಎದೆ ಮುಟ್ಟಿಕೊಂಡು ತನಗೂ ಅಷ್ಟೇ ಎಂದು ತಲೆಯಾಡಿಸಿದಳು. ಪಾತ್ರೆ ತೆಗೆಯುತ್ತಿದ್ದ ಸೊಸೆಯಂದಿರನ್ನೂ ಹೆಣ್ಣುಮಕ್ಕಳನ್ನೂ ಒಮ್ಮೆ ನೋಡಿದಳು. ಅವಳ ವಯಸ್ಸಿನವರು ಅಲ್ಲಿ ಒಬ್ಬರೂ ಇರಲಿಲ್ಲ. ಆಮೇಲೆ ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಅಂದಳು. ಸ್ಟೇವೋ ತಲೆ ತಗ್ಗಿಸಿದ.

"ಏನಂತೆ, ಹೇಳಪ್ಪ," ಎಂದಳು ಗಿರಿಜಾ.

"ನಿಮಗೆ ಯಾವ ಬಣ್ಣದ ಬಟ್ಟೆ ಇಷ್ಟ ಅಂತ ಕೇಳ್ತಿದಾಳೆ, ಆಂಟಿ."