ನಾರ್ವೆಯ ತೊಟ್ಟಿಲು, ಹುಬ್ಬಳ್ಳಿಯ ಧಣಿ

ಭೂಮಿಯ ಮೇಲಿನ ಅರ್ಧ ಕೂಸುಗಳನ್ನು ಮಲಗಿಸಿದವಳು ತಾನೇ ಎಂದು ಬಾಳವ್ವಜ್ಜಿ ಕೊಚ್ಚಿಕೊಳ್ಳುತ್ತಿದ್ದಳು. ಅದರಲ್ಲಿ ಅರ್ಧ ಸುಳ್ಳೆಂದು ತಾನೇ ನಗುತ್ತಿದ್ದಳು.

ಅಂದು ಮಧ್ಯಾಹ್ನ, ದೂರದ ತೊಟ್ಟಿಲನ್ನು ಇಲ್ಲಿಂದಲೇ ಆಡಿಸುವ ಯಂತ್ರದ ಕೈಗವಸು ತೊಟ್ಟು, ಗದಗಿನಲ್ಲಿ ಕೂತೇ ನಾರ್ವೆಯ ತೊಟ್ಟಿಲು ತೂಗುತ್ತಿದ್ದಳು. ಕೂಸು ಇನ್ನೇನು ಕಣ್ಣು ಮುಚ್ಚಬೇಕು, ಗವಸು ಕೈಗೆ ಬಿಗಿದುಕೊಂಡು ತೊಟ್ಟಿಲು ನಿಂತಿತು. ಕೂಸು ಕಿರುಚಿತು.

ಕೆಲಸ ನಾರ್ವೆಯವರದಾದರೂ ಕಾಗದದ ಮೇಲೆ ಅವಳ ಧಣಿ ಹುಬ್ಬಳ್ಳಿಯ ಕಂಪನಿ. ಅಲ್ಲಿನ ವೀರೇಶ ಪರದೆಯಲ್ಲಿ ಮೂಡಿದ.

“ಅಜ್ಜಿ, ನಿಮ್ಮ ಚಹಾ ಬಿಡುವು. ಕಾನೂನು ಐತಿ, ಅದಕ್ಕ ಗವಸು ತಾನ ಬಿಗೀತು.”

“ನಿನ್ನ ಚಹಾಕ್ಕ ಬೆಂಕಿ ಹಚ್ಚ! ಕೂಸು ಮಲಗಲಿಲ್ಲಂದ್ರ ನನ್ನ ಕೆಲಸಾನ ಹೋಗ್ತದ. ಧಣಿ ನೀನ ಹೌದಿಲ್ಲೋ? ಜೋಗುಳಾನೂ ನೀನ ಹಾಡು!”

ನಾರ್ವೆಗೂ ಕೇಳುವ ಆ ಪರದೆಯಲ್ಲೇ ವೀರೇಶ ಹಾಡಿದ. ಕೂಸು ಮಲಗಿತು, ಹಿಂದೆಯೇ ಹುಬ್ಬಳ್ಳಿಯಿಂದ ಗೊರಕೆ ಕೇಳಿಸಿತು. ಗವಸು ಬಿಡಿಸಬೇಕಾದವನೂ ಅವನೇ. ಕೂಗಿದರೆ ಕೂಸು ಏಳುತ್ತದೆ, ಕೂಗದಿದ್ದರೆ ಧಣಿ ಏಳುವುದಿಲ್ಲ. ಅಜ್ಜಿ ಏನು ಮಾಡಿದಳು, ನೀವೇ ಹೇಳಿ ನೋಡೋಣ.