ಬಂಡೆಯ ನಡುವೆ ನೀಲವ್ವ

ಲಡಾಖಿನ ಬೋಳು ಬೆಟ್ಟವೊಂದರಲ್ಲಿ ಧಾರವಾಡದ ತಂಡಕ್ಕೆ ಬಂಡೆ ಹತ್ತುವುದನ್ನು ಕಲಿಸುತ್ತಿದ್ದ ಈರಣ್ಣನ ತಾಳ್ಮೆ ತೀರಿತ್ತು. ಮಧ್ಯಾಹ್ನದ ಗಾಳಿ ಜೋರಾಗುವ ಮೊದಲೇ ಎಲ್ಲರೂ ಹತ್ತಿ ಇಳಿಯಬೇಕಿತ್ತು. ಆದರೆ ನಲವತ್ತೆಂಟರ ಹೊಲಿಗೆ ಟೀಚರ್ ನೀಲವ್ವ ಅರ್ಧ ದಾರಿಯಲ್ಲಿ ಬಂಡೆಯನ್ನು ತಬ್ಬಿಕೊಂಡು ನಿಂತು ಇಪ್ಪತ್ತು ನಿಮಿಷವಾಗಿತ್ತು. ಮೇಲೂ ಹತ್ತಲೊಲ್ಲರು, ಕೆಳಗೂ ಇಳಿಯಲೊಲ್ಲರು.

ಸುತ್ತ ಬರೀ ಮರಳು. ನೆರಳಿದ್ದದ್ದು ಬಂಡೆಯ ಬುಡದಲ್ಲಿ ಮಾತ್ರ. ಸರದಿ ಕಾಯುತ್ತಿದ್ದ ಒಂಬತ್ತು ಜನ ಅಲ್ಲೇ ಕುಳಿತು ಗೊಣಗುತ್ತಿದ್ದರು.

“ಅಕ್ಕಾರ, ಕೈ ಬಿಡ್ರಿ! ಹಗ್ಗ ನನ್ನ ಕೈಯಾಗೈತಿ, ಬೀಳೂದಿಲ್ಲ!” ಈರಣ್ಣ ಮತ್ತೆ ಕೂಗಿದ.

ನೀಲವ್ವ ತಲೆ ಅಲ್ಲಾಡಿಸಿ ಏನೋ ಹೇಳಿದರು. ಗಾಳಿಯಲ್ಲಿ ಕೊನೆಯ ಮಾತಷ್ಟೇ ಕೇಳಿಸಿತು. “...ಹೋಗ್ರಿ!”

“ಸಿಟ್ಟು ಬ್ಯಾರೆ ನೋಡ್ರಿ,” ಎಂದು ಕೆಳಗೆ ಕುಳಿತಿದ್ದ ಒಬ್ಬಾಕೆ ನಕ್ಕಳು.

“ಇಷ್ಟ ಹೆದರಿಕಿ ಇದ್ರ ಯಾಕ ಬರಬೇಕಿತ್ತು?” ಎಂದು ಈರಣ್ಣ ಹಲ್ಲು ಕಡಿದ. ಕೈಯಲ್ಲಿದ್ದ ಹಗ್ಗವನ್ನು ಜೊತೆಗಾರನಿಗೆ ಕೊಟ್ಟು, ತಾನು ಇನ್ನೊಂದು ಹಗ್ಗ ಕಟ್ಟಿಕೊಂಡು ಸರಸರನೆ ಹತ್ತಿದ.

ಹತ್ತಿರ ಹೋದಾಗ ನೀಲವ್ವನ ತೋಳುಗಳು ಗಡಗಡ ನಡುಗುವುದು ಕಂಡಿತು. ಬೆರಳುಗಳಲ್ಲಿ ರಕ್ತ ಒಸರುತ್ತಿತ್ತು. ಆದರೂ ಅವನ ಸಿಟ್ಟು ಇಳಿಯಲಿಲ್ಲ.

“ಸಾಕು ನಡೀರಿ ಅಕ್ಕಾರ. ನಿಮ್ಮಿಂದ ಎಲ್ಲಾರೂ ಕಾಯಾಕತ್ತಾರ.”

“ಮೊದ್ಲ ಅವ್ರನ್ನ ಅಲ್ಲಿಂದ ಎಬ್ಬಸಪಾ,” ಎಂದರು ನೀಲವ್ವ. “ನಾ ತಬ್ಬಿ ಹಿಡದಿರೋ ಈ ಕಲ್ಲು ಕಿತ್ತು ಬಂದೈತಿ. ನಾ ಬಿಟ್ರ ಅವ್ರ ಮ್ಯಾಲ ಬೀಳ್ತೈತಿ.”