ಮೈಮೇಲಿಲ್ಲದ ಹೊಸ ಅಂಗಿ

ಸಮುದ್ರ ದಾಟಿ ಸೇವೆಗೆಂದು ಬಂದಿದ್ದ ಚರ್ಚಿನ ತಂಡ ನಿನ್ನೆಯಷ್ಟೇ ಊರಿನ ಮಕ್ಕಳಿಗೆಲ್ಲ ಕೈಯಾರೆ ಹೊಸ ಅಂಗಿ ತೊಡಿಸಿತ್ತು. ಇವತ್ತು ಬೆಳಿಗ್ಗೆ ನೋಡಿದರೆ ಒಂದು ಮಗುವಿನ ಮೈಮೇಲೂ ಹೊಸದಿಲ್ಲ. ಎಲ್ಲವೂ ಹರಕು, ಗುಂಡಿ ಕಿತ್ತುಹೋದವು.

ಈ ವರ್ಷ ಹೊಸದಾಗಿ ದುಭಾಷಿಯಾಗಿ ತಂಡ ಸೇರಿದ್ದ ಗ್ಲಾಡಿಸ್‌ಗೆ ಮೈಯೆಲ್ಲ ಉರಿಯಿತು. ಸಂತೆಗೆ ಸಾಗಿಸಿಬಿಟ್ಟಿದ್ದಾರೆ, ಇನ್ನೇನು! ವ್ಯಾನಿನಲ್ಲಿದ್ದ ಸ್ಕೂಲ್ ಬ್ಯಾಗುಗಳನ್ನು ಇಳಿಸಬೇಡಿ ಎಂದು ತಂಡದವರಿಗೆ ಹೇಳಿ, ಮೊಮ್ಮಗಳ ಕೈಹಿಡಿದು ಬರುತ್ತಿದ್ದ ಆರೋಗ್ಯಮ್ಮನನ್ನು ತಡೆದು ನಿಲ್ಲಿಸಿದಳು.

“ಹೊಸ ಬಟ್ಟೆ ಎಲ್ಲಜ್ಜಿ?”

“ಮನೇಲವೆ ಕಣವ್ವ. ಟ್ರಂಕ್‌ನಲ್ಲಿ ಮಡಗಿವಿ.”

“ಊರಿನೋರೆಲ್ಲ ಒಟ್ಟಿಗೇ ಟ್ರಂಕಿಗೆ ಹಾಕಿದ್ರಾ? ನನ್ನ ಕಿವಿ ಮೇಲೆ ಹೂ ಇಡ್ಬೇಡಿ. ಮಾರಿದ್ರೆ ಮಾರಿದ್ವಿ ಅಂತ ಹೇಳಿ.”

“ಅಯ್ಯೋ, ಮಾರೋದಾ!” ಮುದುಕಿ ಕಕ್ಕಾಬಿಕ್ಕಿಯಾದಳು. ಅತ್ತ ತಂಡದವರು ಕ್ಯಾಮೆರಾ ಹೊರತೆಗೆಯುತ್ತಿದ್ದರು. ಅದನ್ನು ಕಂಡವಳೇ ಮೊಮ್ಮಗಳನ್ನು ಸರಕ್ಕನೆ ಮುಂದಕ್ಕೆ ಎಳೆದು ನಿಲ್ಲಿಸಿದಳು.

“ಹೋದ್ವರ್ಸ ಬಂದಿದ್ದೋರು, ಹೊಸ ಬಟ್ಟೇಲಿ ಫೋಟೋ ಚೆಂದಾಗಿ ಬರಾಕಿಲ್ಲ ಅಂತ ಎಲ್ಲಾನೂ ಬಿಚ್ಚಿಸಿದ್ರು. ಅದ್ಕೇ ಈ ಸಲ ನಾವೇ ಬಿಚ್ಚಿಸ್ಕೊಂಡು ಬಂದ್ವಿ. ಇಷ್ಟು ಹರಕು ಸಾಕಾ, ನೋಡವ್ವ.”